ಏಳನೇ ಮೆಟ್ಟಿಲು ಹಾರಿದ ಕಪ್ಪೆ

ಹೆಸರಾಂತ ಸಂಗೀತಗಾರರ ಮಾತು ಬಂದರೆ ಸಾಕು, ಕಪ್ಪೆಯಮ್ಮ ಮೂಗು ಮುರಿಯುತ್ತಿದ್ದಳು. ಹೊಟ್ಟೆಕಿಚ್ಚೇನೂ ಅಲ್ಲ. ಊರೆಲ್ಲ ಅವರನ್ನು ಕತ್ತೆತ್ತಿ ವೇದಿಕೆಯ ಮೇಲೆ ನೋಡಿದರೆ, ಅವಳು ಇಪ್ಪತ್ಮೂರು ವರ್ಷ ಮೇಜಿನ ಕೆಳಗೆ ಕೂತು ನೋಡಿದವಳು. ಟೀವಿಯ ಮಕ್ಕಳ ಪಾಠದ ಕಾರ್ಯಕ್ರಮದಲ್ಲಿ ಮೇಜಿನ ಮೇಲೆ ಕೂತು ಹರಟುವ ಹಸಿರು ಕಪ್ಪೆ ಇತ್ತಲ್ಲ, ಅದರ ಹೊಟ್ಟೆಯೊಳಗಿನ ಕೈ ಅವಳದು, ಕೀರಲು ದನಿಯೂ ಅವಳದೇ. ಹಾಗಾಗಿ ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ ಅವಳು ಕಪ್ಪೆಯಮ್ಮ.

ಮೊದಲು ಅವಳು ಅಲ್ಲಿ ದರ್ಜಿ. ಪರದೆಗೆ ತಂದು ಮಿಕ್ಕಿದ ಬಟ್ಟೆಯಲ್ಲಿ ಕಪ್ಪೆಯನ್ನು ಹೊಲಿದುಕೊಟ್ಟಿದ್ದೂ ಅವಳೇ. ಅದನ್ನು ಆಡಿಸಲು ಗೊತ್ತುಮಾಡಿದ್ದ ನಟ ಎರಡೇ ದಿನಕ್ಕೆ, "ರಾಜನ ಪಾರ್ಟು ಮಾಡಿದೋನು ಸ್ವಾಮಿ ನಾನು, ಮೇಜಿನ ಕೆಳಗೆ ಕೂರಕ್ಕಾಗಲ್ಲ" ಎಂದು ಎದ್ದು ಹೋದ. ಇವತ್ತೊಂದು ದಿನ ಸುಧಾರಿಸಿಕೊಡಿ ಎಂದು ಇವಳನ್ನು ತೂರಿಸಿದರು. ಆ ಒಂದು ದಿನ ಇಪ್ಪತ್ಮೂರು ವರ್ಷ ನಡೆಯಿತು. ಕೂರಲು ಚಪ್ಪಟೆಯಾದ ಒಂದು ದಿಂಬು, ಕಾಲ ಬಳಿ ಅಂಗೈಯಗಲದ ಒಂದು ಟೀವಿ. ಮೇಲೆ ನಡೆಯುವುದೆಲ್ಲ ಅದರಲ್ಲಿ ಕಾಣುತ್ತಿತ್ತು. ಮೇಜಿನ ಹೊದಿಕೆಯ ಸಂದಿಯಲ್ಲಿ ಅತಿಥಿಗಳ ಬೂಟುಗಳು ಕಾಣುತ್ತಿದ್ದವು. ಬೂಟು ನೋಡಿಯೇ ಆಸಾಮಿ ಎಂಥವನು ಅಂತ ಅವಳು ಹೇಳಿಬಿಡುತ್ತಿದ್ದಳು.

ವರ್ಷಕ್ಕೆ ಐದಾರು ಮಂದಿ ದೊಡ್ಡ ಸಂಗೀತಗಾರರು ಅತಿಥಿಗಳಾಗಿ ಬರುತ್ತಿದ್ದರು. ಮಕ್ಕಳಿಗೆ ಅಂಕಿ, ಅಕ್ಷರ ಕಲಿಸಲಿಕ್ಕಂತೆ! ಗಿಟಾರಿನವನೊಬ್ಬ, ಕಪ್ಪೆಯನ್ನು ನನ್ನ ಎಡಗಡೆ ಇಡಬೇಡಿ, ಆ ಕಡೆಯಿಂದಲೇ ನನ್ನ ಮುಖ ಚೆನ್ನಾಗಿ ಬರುವುದು ಎಂದು ಅರ್ಧ ಗಂಟೆ ರಂಪ ಮಾಡಿದ. ಸಿನಿಮಾ ಹಾಡುಗಾರ್ತಿಯೊಬ್ಬಳು ಕ್ಯಾಮೆರಾ ಮುಂದೆ ಮಕ್ಕಳನ್ನು ತಬ್ಬಿಕೊಂಡು, ಕ್ಯಾಮೆರಾ ನಿಂತದ್ದೇ ತಡ, ಕರವಸ್ತ್ರದಿಂದ ಕೈ ಒರೆಸಿಕೊಂಡಳು. ತಬಲಾದಲ್ಲಿ ಎತ್ತಿದ ಕೈ ಎನಿಸಿಕೊಂಡವನ ಬೂಟು ಮಕ್ಕಳ ಹಾಡಿಗೆ ತಾಳ ತಪ್ಪಿ ಕುಟ್ಟುತ್ತಿದ್ದದ್ದನ್ನು ಕಪ್ಪೆಯಮ್ಮ ಕಣ್ಣಾರೆ ಕಂಡಿದ್ದಳು. ಅವರಿಗೆಲ್ಲ ಬೇಕಿದ್ದದ್ದು ಮಕ್ಕಳ ಜೊತೆ ಹಲ್ಲು ಕಿರಿಯುವ ಒಂದು ಫೋಟೋ. "ಥೂ, ಇವರ ಮುಖಕ್ಕಿಷ್ಟು! ಒಂದು ಗಂಟೆ ಮಕ್ಕಳ ಮುಂದೆ ಮನುಷ್ಯರ ಹಾಗೆ ಕೂರಕ್ಕಾಗಲ್ಲ, ಕಲಾವಿದರಂತೆ" ಎಂದು ಮನೆಗೆ ಬಂದು ಮಗಳ ಮುಂದೆ ಉಗಿಯುತ್ತಿದ್ದಳು.

ಆ ಕಾರ್ಯಕ್ರಮದಲ್ಲಿ ಒಂದು ಪದ್ಧತಿಯಿತ್ತು. ಮಗು ಎಣಿಸುವಾಗ ತಪ್ಪಿದರೆ ಕಪ್ಪೆ "ವಟ್!" ಎನ್ನುತ್ತಿತ್ತು. ಬೈಗುಳವಿಲ್ಲ, ಬುದ್ಧಿಮಾತಿಲ್ಲ. ಮಗು ಕಿಲಕಿಲ ನಕ್ಕು ಮತ್ತೆ ಒಂದರಿಂದ ಶುರುಮಾಡುತ್ತಿತ್ತು. ಒಮ್ಮೆ ಅಕ್ಷರಮಾಲೆಯಲ್ಲಿ ಮುಗ್ಗರಿಸಿದ ಪಿಟೀಲಿನವನಿಗೂ ಕಪ್ಪೆ ವಟ್ ಎಂದುಬಿಟ್ಟಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮಹಾನುಭಾವ ಮುಖ ಊದಿಸಿಕೊಂಡು, ಪಿಟೀಲಿನ ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು ನಡೆದೇಬಿಟ್ಟ. ಮಾರನೆಯ ದಿನ ನಿರ್ಮಾಪಕ ಮೇಜಿನ ತಳಭಾಗಕ್ಕೆ, ಅವಳೊಬ್ಬಳ ಕಣ್ಣಿಗೆ ಬೀಳುವ ಹಾಗೆ, ಒಂದು ಚೀಟಿ ಅಂಟಿಸಿದ: "ಅತಿಥಿಗಳಿಗೆ ವಟ್ ಅನ್ನುವಂತಿಲ್ಲ. ಅಂದರೆ ಕೆಲಸ ಇಲ್ಲ." ಅಂದಿನಿಂದ ಆ ಚೀಟಿ ಅವಳ ನೆತ್ತಿಯ ಮೇಲೇ ಇತ್ತು.

ಮನೆಯಲ್ಲಿ ನಾಲ್ಕೂವರೆ ವರ್ಷದ ಮೊಮ್ಮಗಳಿದ್ದಳು. ಅಜ್ಜಿಯೇ ಕಪ್ಪೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹಿಂದೆ ಇವಳ ತಾಯಿ ಚಿಕ್ಕವಳಿದ್ದಾಗ, ಹರಿದ ಹೊಲಿಗೆ ಸರಿಮಾಡಲು ಮನೆಗೆ ತಂದಿದ್ದ ಕಪ್ಪೆ ಹೊಲಿಗೆ ಯಂತ್ರದ ಮೇಲೆ ಜೋತುಬಿದ್ದಿದ್ದನ್ನು ಕಂಡು, ಸತ್ತುಹೋಗಿದೆ ಎಂದು ಅತ್ತು ಜ್ವರ ಬರಿಸಿಕೊಂಡಿದ್ದಳು. ಆ ತಪ್ಪು ಮತ್ತೆ ಬೇಡ ಅಂತ ಮೊಮ್ಮಗಳಿಗೆ ಅಜ್ಜಿ "ಆಫೀಸಿಗೆ" ಹೋಗುವವಳು. ಭಾನುವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕೂತು ಕಾರ್ಯಕ್ರಮ ನೋಡುತ್ತಿದ್ದರು. ಹುಡುಗಿ ಟೀವಿಯ ಗಾಜಿಗೆ ಬಿಸ್ಕತ್ತು ಹಿಡಿಯುತ್ತಿದ್ದಳು. "ಅಮ್ಮ ಒಂದೊಂದ್ಸಲ ಸುಳ್ಳು ಹೇಳ್ತಾಳೆ, ಕಪ್ಪೆ ಹೇಳಲ್ಲ" ಎನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಕಪ್ಪೆಯಮ್ಮ ಇನ್ನೂ ಇಪ್ಪತ್ತು ವರ್ಷ ಮೇಜಿನ ಕೆಳಗೆ ಕೂರಲು ತಯಾರಿದ್ದಳು.

ಹೀಗಿರುವಾಗ ಒಬ್ಬ ಮಹಾಗಾಯಕ ಬಂದ. ಎರಡೂವರೆ ಗಂಟೆ ತಡವಾಗಿ ಬಂದ. ಹಿಂದೆ ಇಬ್ಬರು ಶಿಷ್ಯರು, ಒಬ್ಬನ ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಇನ್ನೊಬ್ಬನ ಕೈಯಲ್ಲಿ ಮಫ್ಲರು. "ಗಂಟಲಿಗೆ ಏಸಿ ಆಗಲ್ಲ, ಆರಿಸಿ." "ಗಂಟಲಿಗೆ ಧೂಳು ಆಗಲ್ಲ, ಮಕ್ಕಳನ್ನ ಸ್ವಲ್ಪ ದೂರ ಕೂರಿಸಿ." ಆ ಮನುಷ್ಯನಿಗೆ ಗಂಟಲು ಬಿಟ್ಟರೆ ಬೇರೆ ಅಂಗವೇ ಇಲ್ಲವೇನೋ! ಲೈಟಿನ ಬಿಸಿಗೆ ಬೆವರಿಳಿಸಿಕೊಂಡು ಕೂತಿದ್ದ ಮಕ್ಕಳ ಕಡೆ ಅವನು ತಿರುಗಿಯೂ ನೋಡಲಿಲ್ಲ. ಕ್ಯಾಮೆರಾದವನು ಸಣ್ಣಗೆ, "ಗಂಟಲು ಬಂತು, ರೆಡಿಯಾಗಿ ಕಪ್ಪೆಯಮ್ಮ" ಎಂದ. ಅವಳು ಸಂದಿಯಲ್ಲಿ ನೋಡಿದಳು. ಬೂಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅಟ್ಟೆಯ ಅಂಚಿನಲ್ಲೂ ಒಂದು ಗೀರಿರಲಿಲ್ಲ. ನೆಲಕ್ಕೆ ಕಾಲೂರದ ಜನ, ಎಂದುಕೊಂಡಳು.

ಹಾಡು ಹತ್ತು ಮೆಟ್ಟಿಲಿನದು. ಮೇಜಿನ ಮೇಲೆ ಹತ್ತು ಮೆಟ್ಟಿಲಿನ ಪುಟ್ಟ ಏಣಿ. ಒಂದೊಂದು ಅಂಕಿ ಹಾಡಿದ ಹಾಗೆ ಕಪ್ಪೆ ಒಂದೊಂದು ಮೆಟ್ಟಿಲು ಏರಬೇಕು, ಮಕ್ಕಳು ಜೊತೆಗೆ ಹೇಳಬೇಕು. ಐದರವರೆಗೆ ಎಲ್ಲ ಸರಿಯಾಗಿತ್ತು. ಆರಕ್ಕೆ ಬಂದವನು ಕಣ್ಣು ಮುಚ್ಚಿ ಆಲಾಪನೆಗೆ ಹೊರಟ. ಎಳೆದ, ಸುತ್ತಿದ, ಮೇಲೆ ಹೋದ, ಕೆಳಗೆ ಬಂದ. ಕಪ್ಪೆ ಆರನೇ ಮೆಟ್ಟಿಲಲ್ಲಿ ನೇತಾಡುತ್ತಿತ್ತು, ಕಪ್ಪೆಯಮ್ಮನ ತೋಳು ಥರಥರ ನಡುಗುತ್ತಿತ್ತು. ಕೊನೆಗೂ ಕೆಳಗಿಳಿದ ಗಾಯಕ ನೆಟ್ಟಗೆ ಬಂದು ಕೂತದ್ದು ಎಂಟರ ಮೇಲೆ.

ಏಳು ಮಾಯ! ವಟ್ ಎನ್ನಲು ಅವಳ ಬಾಯಿ ತೆರೆದೇ ಇತ್ತು. ಕಣ್ಣೆದುರಿಗೆ ಚೀಟಿ. ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನಿನಲ್ಲಿ ನಿರ್ಮಾಪಕನ ದನಿ: "ಬೇಡ, ಬೇಡ, ಕಪ್ಪೆಯಮ್ಮ, ದಮ್ಮಯ್ಯ ಬೇಡ!" ಬಾಯಿ ಮುಚ್ಚಿಕೊಂಡಿತು. ಅಷ್ಟಕ್ಕೇ ನಿಂತಿದ್ದರೂ ಚೆನ್ನಾಗಿತ್ತು. ಆದರೆ ಪಳಗಿದ ಕೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿಬಿಟ್ಟಿತು. ಕಪ್ಪೆ ಏಳನೇ ಮೆಟ್ಟಿಲಿನ ಮೇಲಿಂದ ಚಂಗನೆ ಹಾರಿ ಎಂಟರಲ್ಲಿ ಕೂತಿತು. 'ಏಳು' ಎನ್ನಲು ಬಾಯಿ ತೆರೆದಿದ್ದ ಮಕ್ಕಳು ಕಪ್ಪೆಯನ್ನು ನೋಡಿ ಎಂಟು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಭೇಷ್! ಮಾನ ಉಳಿಸಿದ್ರಿ" ಎಂದ ನಿರ್ಮಾಪಕ.

"ಸಾರ್, ಏಳು ಬಿಟ್ಟುಹೋಗಿದೆ. ಇನ್ನೊಂದು ಸಲ ಹಾಡಿಸಿ."

"ಅವರಿಗೆ ಹೋಗಿ ಹೇಳೋರು ಯಾರು, ನೀವಾ? ಮಕ್ಕಳ ಪ್ರೋಗ್ರಾಂ ಕಣ್ರೀ. ಯಾರು ಕೂತು ಎಣಿಸ್ತಾರೆ, ಬಿಡಿ."

ಹೊಳೆಯುವ ಬೂಟು ಮೇಜಿನ ಪಕ್ಕ ಒಂದು ಗಳಿಗೆ ನಿಂತಿತು. "ಕಪ್ಪೆ ಚೆನ್ನಾಗಿ ಹಾರುತ್ತೆ" ಎಂದು ಗಂಟಲು ಅಪ್ಪಣೆ ಕೊಡಿಸಿ ಹೊರಟುಹೋಯಿತು.

ಭಾನುವಾರ ಅದು ಟೀವಿಯಲ್ಲಿ ಬಂತು. ಏನಾದರೂ ನೆಪ ಮಾಡಿ ಟೀವಿ ಆರಿಸೋಣವೆಂದರೆ ಮೊಮ್ಮಗಳು ಬಿಡಬೇಕಲ್ಲ! ಸಂಜೆ ತರಕಾರಿ ಚೀಲ ಹಿಡಿದು ಇಬ್ಬರೂ ಮನೆಯ ಮೆಟ್ಟಿಲು ಹತ್ತುತ್ತಿದ್ದರು. "ಐದು, ಆರು, ಎಂಟು!" ಎನ್ನುತ್ತ ಹುಡುಗಿ ನಡುವಿನ ಮೆಟ್ಟಿಲಿನ ಮೇಲಿಂದ ಹಾರಿದಳು. ಕಾಲು ಎಟುಕಲಿಲ್ಲ. ಮಂಡಿ ತರಚಿ ರಕ್ತ ಬಂತು.

"ಏಳು ಎಲ್ಲಿ ಹೋಯ್ತೇ?" ಅಜ್ಜಿ ಗಾಬರಿಯಿಂದ ಮಂಡಿ ಒರೆಸುತ್ತ ಕೇಳಿದಳು.

"ಏಳು ಇಲ್ಲ. ಆ ತಾತ ಹಾಡಿದ್ರಲ್ಲ."

"ಆ ತಾತ ತಪ್ಪು ಹಾಡಿದ್ರು, ಪುಟ್ಟಿ."

"ತಪ್ಪಾಗಿದ್ರೆ ಕಪ್ಪೆ ವಟ್ ಅಂತಿತ್ತು. ಅನ್ನಲೇ ಇಲ್ಲ. ಅದೂ ಹಾರಿತು."

"ವಟ್!" ಎಂದಳು ಕಪ್ಪೆಯಮ್ಮ, ಮೆಟ್ಟಿಲ ಮೇಲೆ ಕೂತಲ್ಲೇ.

ಹುಡುಗಿ ಅಳು ನಿಲ್ಲಿಸಿ ಅಜ್ಜಿಯನ್ನು ಕನಿಕರದಿಂದ ನೋಡಿದಳು. "ನೀನಲ್ಲ ಅಜ್ಜಿ. ಕಪ್ಪೆ ಅನ್ಬೇಕು."

ಕಪ್ಪೆಯಮ್ಮನ ಮುಖಕ್ಕೆ ಹೊಡೆದ ಹಾಗಾಯಿತು. ಛೀ, ಇಷ್ಟು ವರ್ಷ ಯಾರ್ಯಾರ ಬೂಟು ನೋಡಿ ಉಗಿದಿದ್ದಳು! ಆ ಗಂಟಲಿನವನಾದರೂ ಕಣ್ಣು ಮುಚ್ಚಿಕೊಂಡು ಏಳನ್ನು ನುಂಗಿದ್ದ. ಇವಳು ಕಣ್ಣು ಬಿಟ್ಟುಕೊಂಡೇ ಹಾರಿದ್ದಳು. ಮಗುವಿನ ಮಂಡಿಗೆ ಔಷಧಿ ಹಚ್ಚುವಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮಂಗಳವಾರ ರೆಕಾರ್ಡಿಂಗಿಗೆ ಹೋಗುವಾಗ ಒಂದು ಖಾಲಿ ಚೀಲ ತೆಗೆದುಕೊಂಡಳು. ಕೆಲಸದಿಂದ ಕಿತ್ತುಹಾಕಿದರೆ ದಿಂಬು ಮತ್ತು ಕತ್ತರಿ ತುಂಬಿಕೊಂಡು ಬರಲು. ಆವತ್ತು ಅತಿಥಿ ಯಾರೂ ಇರಲಿಲ್ಲ. ಮುಂದಿನ ಹಲ್ಲು ಬಿದ್ದಿದ್ದ ಹುಡುಗಿಯೊಬ್ಬಳು ಮೆಟ್ಟಿಲಿನ ಹಾಡು ಹೇಳಿದಳು, ಒಂದೂ ತಪ್ಪಿಲ್ಲದೆ. ಏಳಕ್ಕೆ ಬಂದಾಗ ಕಪ್ಪೆ ಅಲ್ಲೇ ನಿಂತುಬಿಟ್ಟಿತು.

"ವಟ್!"

"ನಾನು ಸರಿಯಾಗೇ ಹೇಳ್ದೆ!" ಎಂದು ಹುಡುಗಿ ಸೊಂಟಕ್ಕೆ ಕೈಯಿಟ್ಟಳು.

"ನೀನು ಸರಿ. ಇದು ನನಗೆ ನಾನೇ ಅಂದ್ಕೊಂಡಿದ್ದು. ಹೋದ ಸಲ ಬಂದಿದ್ದ ದೊಡ್ಡ ಗಾಯಕರು ಏಳು ಬಿಟ್ಟುಬಿಟ್ರು. ನಾನು ವಟ್ ಅನ್ನಲಿಲ್ಲ. ಏಳರ ಮೇಲಿಂದ ಹಾರಿ ಮುಚ್ಚಿಹಾಕ್ದೆ."

"ಯಾಕೆ?"

ಮೇಜಿನ ಕೆಳಗೆ ಕೀರಲು ದನಿ ಒಂದು ಕ್ಷಣ ಅವಳ ಸ್ವಂತ ದನಿಯಾಯಿತು. "ಹೆದರಿಕೆ ಆಯ್ತು ಕಣೇ."

ಹುಡುಗಿ ಯೋಚಿಸಿದಳು. "ಹಾಗಾದ್ರೆ ಒಂದರಿಂದ ಶುರು ಮಾಡು" ಎಂದಳು.

ಕಪ್ಪೆ ಕೆಳಗಿಳಿದು ಒಂದರಿಂದ ಎಣಿಸಿತು. ಏಳನ್ನು ಎರಡು ಸಲ ಹೇಳಿತು. 'ಕಟ್' ಎಂಬ ಕೂಗಿಗಾಗಿ ಕಪ್ಪೆಯಮ್ಮ ಕಾಯುತ್ತಲೇ ಇದ್ದಳು, ಕೂಗು ಬರಲಿಲ್ಲ. ನಿರ್ಮಾಪಕ ಗಾಜಿನ ಕೋಣೆಯಲ್ಲಿ ಫೋನಿಗೆ ಅಂಟಿಕೊಂಡು, ಮುಂದಿನ ಅತಿಥಿಗೆ ಎಂಥ ಕುರ್ಚಿ ಆಗುತ್ತದೆ ಎಂದು ವಿಚಾರಿಸುತ್ತಿದ್ದ. ತಲೆಯೆತ್ತದೆ, ಎಲ್ಲ ಸರಿಯಿದೆ ಎಂದು ಹೆಬ್ಬೆರಳು ತೋರಿಸಿದ. ಕ್ಯಾಮೆರಾದವನಿಗೆ ಎಲ್ಲ ಗೊತ್ತಾಗಿತ್ತು, ಅವನು ಕ್ಯಾಮೆರಾ ಓಡಿಸುತ್ತಲೇ ಇದ್ದ. ದೊಡ್ಡವರು ಬಾರದ ದಿನ ಆ ಕಾರ್ಯಕ್ರಮವನ್ನು ಅಲ್ಲಿಯ ಅಧಿಕಾರಿಗಳು ಒಬ್ಬರೂ ನೋಡುತ್ತಿರಲಿಲ್ಲ. ಇಷ್ಟು ವರ್ಷ ತಾನು ಹೆದರಿದ್ದು ಇಂಥವರಿಗಾ! ಅವಳು ಖಾಲಿ ಚೀಲವನ್ನು ಹಾಗೇ ಮಡಚಿ ವಾಪಸು ತಂದಳು.

ಭಾನುವಾರ ಮೊಮ್ಮಗಳು ಬಿಸ್ಕತ್ತು ಕೈಯಲ್ಲೇ ಹಿಡಿದು, ಬಾಯಿಗೂ ಹಾಕದೆ ಪೂರ್ತಿ ನೋಡಿದಳು. ಮುಗಿದ ಮೇಲೆ ಬೆರಳು ಮಡಚುತ್ತ ಹತ್ತರವರೆಗೆ ಎಣಿಸಿದಳು. ಏಳು ಅದರ ಜಾಗದಲ್ಲಿತ್ತು.

"ಅಜ್ಜಿ, ಕಪ್ಪೆ ತಪ್ಪು ಒಪ್ಕೊಳ್ತು."

"ಹೂಂ."

"ಆ ತಾತ ಯಾವಾಗ ಬಂದು ಒಂದರಿಂದ ಶುರು ಮಾಡ್ತಾರೆ?"

"ಅವರು ಮಾಡಲ್ಲ ಪುಟ್ಟಿ. ಅವರು ಬಹಳ ದೊಡ್ಡ ಗಾಯಕರು."

ಮೊಮ್ಮಗಳು ತರಚಿದ ಮಂಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಥೇಟ್ ಅಜ್ಜಿಯ ಹಾಗೆ ಮೂಗು ಮುರಿದಳು.

"ಎಣಿಸೋಕೇ ಬರಲ್ಲ" ಎಂದಳು.