ಭಟ್ಟರು ಹಿಂದಿರುಗಿಸಿದ ನೋಟುಪುಸ್ತಕ

ಭಟ್ಟರೇ, ಆ ನೋಟುಪುಸ್ತಕವನ್ನು ಪಾದ್ರಿಗಳಿಗೆ ಕೊಟ್ಟವಳು ನಾನು. ಅದರಿಂದಲೇ ನಮ್ಮವರನ್ನು ಶಾಲೆಯಿಂದ ತೆಗೆದ ಸುದ್ದಿ ಬಂದಾಗ ಹಿತ್ತಿಲಲ್ಲಿ ಮೀನಿಗೆ ಬೂದಿ ಹಚ್ಚಿ ಉಜ್ಜುತ್ತಿದ್ದೆ — ಕೈ ನಿಂತಿತು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ದಿನಗಳು. ನಮ್ಮವರು ಮಡಿಕೇರಿಯಲ್ಲಿ ನಮ್ಮ ಕ್ರೈಸ್ತ ಸಭೆಯ ಶಾಲೆಯ ಮಾಸ್ತರು, ನೀವು ಸಂಸ್ಕೃತ ಪಂಡಿತರು. ಸಂಜೆ ನಿಮ್ಮದೇ ಚೊಂಬಿನಲ್ಲಿ ಕಾಫಿ ತಂದು ನಮ್ಮ ಜಗಲಿಯಲ್ಲಿ ಕೂರುತ್ತಿದ್ದಿರಿ. ನೋಹನ ಜಲಪ್ರಳಯ, ಮನುವಿನ ಕೈನೀರಿಗೆ ಬಂದ ಮೀನು, ಬಾಬೆಲಿನವರು ಮಣ್ಣಿನ ಹಲಗೆಯಲ್ಲಿ ಕೊರೆದಿಟ್ಟ ಪ್ರಳಯ — ಮೂರನ್ನೂ ನಮ್ಮವರು ಆ ನೋಟುಪುಸ್ತಕದಲ್ಲಿ ಅಕ್ಕಪಕ್ಕ ಬರೆದಿಡುತ್ತಿದ್ದರು.

"ನಿಮ್ಮ ನೋಹನ ನಾವೆಗೆ ನಮ್ಮ ಮೀನನ್ನ ಕಟ್ಟಿ ಮಾಸ್ಟ್ರೇ. ಹುಟ್ಟೂ ಇಲ್ಲ, ಚುಕ್ಕಾಣಿಯೂ ಇಲ್ಲ, ಇನ್ಯಾರು ಎಳೀತಾರೆ?" ಎಂದು ನೀವು ನಗುತ್ತಿದ್ದಿರಿ.

ನನಗೆ ನಗು ಬರುತ್ತಿರಲಿಲ್ಲ. ಮಗಳು ರೂತಳಿಗೆ ಹದಿನೈದು ದಿನದಿಂದ ಜ್ವರ. ಅಂದು ನೀವು ಓದಲು ಒಯ್ದಿದ್ದ ಪುಸ್ತಕವನ್ನು ಹಿಂದಕ್ಕೆ ತಂದು ನನ್ನ ಕೈಗಿತ್ತಿರಿ; ಅವರು ಮನೆಯಲ್ಲಿರಲಿಲ್ಲ. ಬಿಚ್ಚಿದೆ. ಒಂದೇ ಸಾಲು ಓದಿದೆ — ಬೈಬಲ್ ಬರೆದವರು ಸೆರೆಯಾಗಿ ಬಾಬೆಲಿಗೆ ಹೋದಾಗ ಈ ಕಥೆಯನ್ನು ಅಲ್ಲಿ ಕೇಳಿರಬೇಕು, ಎಂದು. ದೇವರ ವಾಕ್ಯ ಕೇಳಿಬರೆದ ಕಥೆಯೇ? ಮಗು ನರಳುತ್ತಿರುವುದು ಇದಕ್ಕೇ ಅನ್ನಿಸಿತು. ಕರ್ತನೇ, ಇವಳನ್ನು ಉಳಿಸು, ಇದನ್ನು ಮನೆಯಿಂದ ತೆಗೆಯುತ್ತೇನೆ ಎಂದು ಮೊರೆಯಿಟ್ಟು ಪಾದ್ರಿಗಳ ಮನೆಗೆ ಓಡಿದೆ.

ಮೂರನೆಯ ದಿನ ಜ್ವರ ಬಿಟ್ಟಿತು. ಅದನ್ನು ಕೃಪೆಯೆಂದು ಎಣಿಸಿದೆ, ಭಟ್ಟರೇ — ಇಂದಿಗೂ ಹೇಗೆ ಎಣಿಸದಿರಲಿ, ಅವಳು ಬದುಕಿದ್ದಾಳೆ —

ವರ್ಗವಾಗಿ ಹೋಗುವಾಗ ಪಾದ್ರಿಗಳು ಪುಸ್ತಕವನ್ನು ನನಗೇ ಮರಳಿಸಿದರು. ಅಕ್ಕಿಡಬ್ಬದ ತಳದಲ್ಲಿ ಬಚ್ಚಿಟ್ಟೆ. ನಮ್ಮವರು ತೀರಿಕೊಂಡ ಮೇಲಷ್ಟೇ ಕೊನೆಯ ಪುಟ ಓದಿದೆ: 'ಬಾಬೆಲಿನ ದೇವತೆಗಳು ಜನರ ಗದ್ದಲ ತಾಳದೆ ಮುಳುಗಿಸಿದರು. ನಮ್ಮ ದೇವರು ಮೊದಲು ಹೃದಯದಲ್ಲಿ ನೊಂದುಕೊಂಡ. ಕಥೆ ಎರವಲು ಇರಬಹುದು, ಈ ನೋವು ಎರವಲಲ್ಲ.' ನಾನು ಅವಿಶ್ವಾಸವೆಂದು ಒಪ್ಪಿಸಿಬಂದದ್ದು ಇದನ್ನು.

ಇದನ್ನು ನಿಮಗೇ ಕಳಿಸುತ್ತಿದ್ದೇನೆ. ಅವರಿಗೆ ಹೇಳುವ ದಾರಿ ಇನ್ನಿಲ್ಲ. ಕ್ಷಮಿಸಿ ಎಂದು ಕೇಳಲೂ ಬಾಯಿಲ್ಲ, ಏಕೆಂದರೆ ಶಾಲೆಯಿಂದ ತೆಗೆದ ಆ ಸಂಜೆ —

ನಮ್ಮವರು ಹಿತ್ತಿಲಿಗೆ ಬಂದು, "ಪುಸ್ತಕ ಭಟ್ರ ಹತ್ರ ಇತ್ತು ಕಣೇ. ಅವರೇ ಪಾದ್ರಿಗಳಿಗೆ ಕೊಟ್ರಾ?" ಎಂದು ಕೇಳಿದರು.

"ಇರಬಹುದು" ಎಂದೆ.

ಅಷ್ಟರಲ್ಲಿ ನೀವು ಎಂದಿನಂತೆ ಚೊಂಬು ಹಿಡಿದು ಬಂದಿರಿ. ಜಗಲಿ ಹತ್ತುವ ಮೊದಲೇ ಅವರು, "ಇನ್ನು ಈ ಮೆಟ್ಟಿಲು ಹತ್ಬೇಡಿ ಭಟ್ರೇ. ನನ್ನ ಪುಸ್ತಕ ಪಾದ್ರಿಗಳಿಗೆ ಕೊಟ್ರಲ್ಲ" ಎಂದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೀವು ನೋಡಿದಿರಿ, ಒಂದೇ ಸಲ. ಅದನ್ನು ಯಾರ ಕೈಗಿತ್ತಿರೆಂದು ನಿಮಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು. ನೀವು ಆಡಲಿಲ್ಲ. ಕಾಫಿಯ ಚೊಂಬಿನೊಡನೆ ಹಿಂದಿರುಗಿ ನಡೆದಿರಿ.

ನಾನು ಹಿತ್ತಿಲಿಗೆ ಹೋಗಿ ಉಳಿದ ಮೀನು ಉಜ್ಜಿದೆ.