ರಾಣಿಸಾಹೇಬರಿಗೆ ಉಡಿ ತುಂಬಿದ ದಿನ

ನಾನು ಜತ್ತದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಇತಿಹಾಸದವರಿಗೆ ನಮ್ಮ ಕಡೆ ಅಂಥ ಮರ್ಯಾದೆಯೇನೂ ಇಲ್ಲ. ಗಣಿತದವರಿಗೆ ಸಿಗುವ ಟ್ಯೂಷನ್ನೂ ಇಲ್ಲ, ಇಂಗ್ಲಿಷಿನವರಿಗೆ ಸಿಗುವ ನಮಸ್ಕಾರವೂ ಇಲ್ಲ. ಅಂಥ ನನ್ನನ್ನು ಹುಡುಕಿಕೊಂಡು ಒಂದು ಬೆಳಿಗ್ಗೆ ಜರ್ಮನಿಯ ರಾಜಮನೆತನದ ಹೆಣ್ಣುಮಗಳೊಬ್ಬರು ಸ್ಟಾಫ್ ರೂಮಿಗೆ ಬಂದರು. ಎದುರಿಗೇ ಕೂತು ನೋಡಿದ್ದರೂ ನಮ್ಮ ಗಣಿತದವರು ಈಗಲೂ ಅದನ್ನು ನಂಬುವುದಿಲ್ಲ.

ಅವರ ಮಗ ಜತ್ತದ ಸುತ್ತಲಿನ ಗುಡ್ಡಗಳ ಮೇಲೆ ತಿರುಗುತ್ತವಲ್ಲ, ಆ ಗಾಳಿಯಂತ್ರಗಳ ಕೆಲಸಕ್ಕೆ ಬಂದಿದ್ದ. ಅವನ ಬೆನ್ನು ಹತ್ತಿ ಇವರೂ ಬಂದಿದ್ದರು. ಕತ್ತರಿಸಿದ ಬಿಳಿಗೂದಲು, ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ನೀರಿನ ಬಾಟಲಿ. ಜತ್ತ ಹಿಂದೆ ಒಂದು ಸಂಸ್ಥಾನವಾಗಿತ್ತೆಂದು ಲಾಡ್ಜಿನಲ್ಲಿ ಯಾರೋ ಹೇಳಿದರಂತೆ. ‘ನಮ್ಮದೂ ಅಂಥದೇ ಒಂದು ಇತ್ತು, ಭಾರೀ ಸಣ್ಣದು. ರಾಜರು ಹೋದ ಮೇಲೆ ನಿಮ್ಮ ಜನ ಹೇಗಿದ್ದಾರೆ, ನೋಡಬೇಕು’ ಎಂದು ಇಂಗ್ಲಿಷಿನಲ್ಲಿ ಹೇಳಿದರು. ತಾವು ಹಲ್ಲಿನ ಡಾಕ್ಟರರೆಂದೂ ಈಗ ನಿವೃತ್ತರೆಂದೂ ಮತ್ತೆ ಮತ್ತೆ ಹೇಳಿದರು. ಯಾರು ಕೇಳುತ್ತಾರೆ? ಮಧ್ಯಾಹ್ನದ ಹೊತ್ತಿಗೆ ರಾಣಿ ಬಂದಿದ್ದಾಳೆಂಬ ಸುದ್ದಿ ಬಸ್ ಸ್ಟ್ಯಾಂಡಿನವರೆಗೂ ಹೋಗಿತ್ತು.

ಆ ವಾರವೆಲ್ಲ ನಾನು ಅವರನ್ನು ಪೇಟೆ, ಹಳೆಯ ವಾಡೆಗಳು, ದಾಳಿಂಬೆಯ ತೋಟಗಳು ಎಂದು ಸುತ್ತಿಸಿದೆ. ನಾನು ಹೇಳಿದ್ದು ಕಡಿಮೆ, ಕೇಳಿದ್ದೇ ಜಾಸ್ತಿ. ಅವರ ಸಂಸ್ಥಾನ ಎಷ್ಟು ಸಣ್ಣದೆಂದರೆ ಬೆಳಿಗ್ಗೆ ಕುದುರೆ ಹತ್ತಿದ ರಾಜ ಮಧ್ಯಾಹ್ನದ ಊಟಕ್ಕೆ ಪರದೇಶದಲ್ಲಿ ಇರುತ್ತಿದ್ದನಂತೆ. ದೊಡ್ಡ ದಂಡು ಕಟ್ಟುವ ತಾಕತ್ತಿಲ್ಲದ್ದರಿಂದ ಆ ಮನೆತನದವರು ಬೇರೆ ಬೇರೆ ಹುಚ್ಚು ಹಚ್ಚಿಕೊಂಡಿದ್ದರು. ಒಬ್ಬ ರಾಜನಿಗೆ ನಾಟಕದ ಹುಚ್ಚು. ಅಡುಗೆಯವನಿಂದ ಹಿಡಿದು ದಿವಾನನವರೆಗೆ ಎಲ್ಲರಿಗೂ ಪಾರ್ಟು ಕೊಡುತ್ತಿದ್ದ, ಕೂತವರಲ್ಲಿ ಯಾರಾದರೂ ತೂಕಡಿಸಿದರೆ ಆಟ ನಿಲ್ಲಿಸಿ ಬೈಯುತ್ತಿದ್ದ. ಗಡಿಯಾರ ರಿಪೇರಿಯವನ ಮಗನೊಬ್ಬ ನಕ್ಷತ್ರ ನೋಡುವ ದೊಡ್ಡ ಪಂಡಿತನಾದಾಗ ಇನ್ನೊಬ್ಬ ರಾಜ ಅವನಿಗೆ ಅರಮನೆಯ ಮಾಳಿಗೆಯನ್ನೇ ಬಿಟ್ಟುಕೊಟ್ಟ. ಒಬ್ಬ ರಾಜಕುಮಾರಿ ಸೂಲಗಿತ್ತಿಯ ಕೆಲಸ ಕಲಿತು ಹಳ್ಳಿ ಹಳ್ಳಿಗೆ ಗಾಡಿ ಹೊಡೆಸಿಕೊಂಡು ಹೋಗುತ್ತಿದ್ದಳು. ಉಳಿದ ಹೆಣ್ಣುಮಕ್ಕಳೆಲ್ಲ ದೊಡ್ಡ ದೊಡ್ಡ ರಾಜ್ಯಗಳಿಗೆ ಸೊಸೆಯರಾಗಿ ಹೋದರು. ‘ನಮ್ಮ ನೆಲದಲ್ಲಿ ಬೆಳೆಯುತ್ತಿದ್ದದ್ದು ಎರಡೇ, ಬಟಾಟೆ ಮತ್ತು ರಾಣಿಯರು’ ಎಂದು ನಕ್ಕರು. ಮೊದಲನೆಯ ಮಹಾಯುದ್ಧ ಮುಗಿದಾಗ ಮುತ್ತಜ್ಜನ ಪಟ್ಟ ಹೋಯಿತು, ಅರಮನೆ ಮ್ಯೂಸಿಯಂ ಆಯಿತು. ಕಾಲೇಜಿನ ರಜೆಯಲ್ಲಿ ಈ ಮರಿಮಗಳೇ ಅದರ ಬಾಗಿಲಲ್ಲಿ ಕೂತು ಟಿಕೆಟ್ ಹರಿದುಕೊಟ್ಟಿದ್ದಳು.

ಇದನ್ನೆಲ್ಲ ಫೋನಿನಲ್ಲಿ ಅವ್ವನಿಗೆ ಹೇಳಿದೆ. ಅವ್ವ ಅಣ್ಣ ವೈನಿಯರ ಜೊತೆ ನಮ್ಮೂರು ಯಳವಿಯಲ್ಲಿದ್ದಾಳೆ. ಕೇಳಿದವಳೇ, ಊಟಕ್ಕೆ ಕರೆದುಕೊಂಡು ಬಾ, ಉಡಿ ತುಂಬಿ ಕಳಿಸೋಣ ಎಂದಳು. ಉಡಿ ತುಂಬುವುದೆಂದರೆ ನಮ್ಮಲ್ಲಿ ಮನೆಗೆ ಬಂದ ಹೆಣ್ಣುಮಗಳ ಸೆರಗಿನಲ್ಲಿ ಅಕ್ಕಿ, ಕಾಯಿ, ಕುಬಸದ ಕಣ ಹಾಕಿ, ತೌರಿನವರ ಹಾಗೆ ಬೀಳ್ಕೊಡುವುದು. ಆ ಅಕ್ಕಿಯನ್ನು ಸಿಹಿ ಮಾಡಿ ಅವಳೇ ಉಣ್ಣಬೇಕು. ನನಗೆ ಖುಷಿಯೂ ಆಯಿತು, ಸಿಟ್ಟೂ ಬಂತು. ಯಾಕೆಂದರೆ ಎಲ್ಲ ತಯಾರಿ ಅವ್ವನದು, ಆದರೆ ತಾಟು ಹಿಡಿಯುವವಳು ಅವಳಲ್ಲ. ಅಪ್ಪ ಹೋದಾಗಿನಿಂದ ಮನೆಯ ಯಾವ ಕಾರ್ಯದಲ್ಲೂ ಅವ್ವ ಅಡುಗೆಮನೆಯ ಬಾಗಿಲು ದಾಟಿ ಮುಂದೆ ಬಂದಿಲ್ಲ. ನನ್ನ ಮಗಳು ಬಸುರಿಯಾಗಿ ಕುಬಸದ ಕಾರ್ಯ ಮಾಡಿದಾಗಲೂ ಬರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ನಾನು ಆವತ್ತು ಅವಳ ಕಾಲು ಹಿಡಿಯುವುದೊಂದು ಬಾಕಿ. ‘ಇರ್ಲಿ ಬಿಡು’ ಎಂದು ಒಳಗೇ ನಿಂತಳು. ಈ ಸಲವಾದರೂ ಅವಳನ್ನು ಆ ಬಾಗಿಲಿನಿಂದ ಹೊರಗೆ ತರಬೇಕೆಂದು ನಾನು ಮನಸ್ಸಿನಲ್ಲೇ ಹಟ ಹಿಡಿದೆ.

ಆ ಭಾನುವಾರ ಯಳವಿಯ ಮನೆಯಲ್ಲಿ ಮದುವೆಮನೆಯಂಥ ಗದ್ದಲ. ರಾಣಿ ಹೇಗಿರುತ್ತಾಳೆಂದು ನೋಡಲು ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಕ್ಯಾನ್ವಾಸ್ ಬೂಟು ಕಂಡು ಕೆಲವರ ಮುಖ ಸಣ್ಣದಾಯಿತು. ಕೊರಳಲ್ಲಿ ತಾಳಿಯಿಲ್ಲ ಎಂದು ಒಬ್ಬಳು ಪಿಸುಗುಟ್ಟಿದಳು. ವೈನಿ ಟೀವಿಯಲ್ಲಿ ನೋಡಿದ ಧೈರ್ಯದ ಮೇಲೆ, ಆ ಜನರಿಗೆ ಬೆರಳಿನ ಉಂಗುರವೇ ತಾಳಿ, ಅದು ಬೆರಳಲ್ಲಿದೆ ಎಂದ ಮೇಲೆ ಮುತ್ತೈದೆಯೇ ಎಂದು ತೀರ್ಪು ಕೊಟ್ಟಳು. ಎಲ್ಲರೂ ಒಪ್ಪಿದರು. ನನಗೂ ಕೇಳಿ ನೋಡಬೇಕೆಂದು ಹೊಳೆಯಲಿಲ್ಲ.

ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ರಾಣಿಸಾಹೇಬರು ಮೂಗು, ಕಣ್ಣು ಒರೆಸಿಕೊಳ್ಳುತ್ತ ಎರಡನೆಯ ಸಲ ಎಣ್ಣೆಗಾಯಿ ಹಾಕಿಸಿಕೊಂಡರು. ಪ್ರಶ್ನೆಗಳ ಮಳೆ. ನಿಮ್ಮ ರಾಜ್ಯದಲ್ಲಿ ಎಷ್ಟು ಎಮ್ಮೆ? ಅತ್ತೆ ಸೊಸೆಯರು ಜಗಳವಾಡುತ್ತಿದ್ದರಾ? ಆಡುತ್ತಿದ್ದರು, ಪತ್ರ ಬರೆದು ಆಡುತ್ತಿದ್ದರು ಎಂದಾಗ ಎಲ್ಲರಿಗೂ ಸಮಾಧಾನವಾಯಿತು. ಅರ್ಧ ದಿನದಲ್ಲಿ ದಾಟುವಷ್ಟು ರಾಜ್ಯ ಎಂದು ನಾನು ತಿಳಿಸಿದೆ. ಅಡುಗೆಮನೆಯ ಬಾಗಿಲಿನಿಂದ ಅವ್ವನ ಧ್ವನಿ ಬಂತು. “ಹಂಗಂದ್ರ ನಮ್ಮ ಸಂಸ್ಥಾನನ ದೊಡ್ಡದು ಆತಲ್ಲ. ಪಾಪ, ಇನ್ನೊಂದು ಹೋಳಿಗಿ ಹಾಕ್ರಿ ಅವರಿಗೆ.”

ಊಟವಾದ ಮೇಲೆ ನಮ್ಮ ಬಳೆಯ ಚಾಚಿ ತನ್ನ ಬಳೆಗಳ ಮಲಾರ ಬಿಚ್ಚಿದಳು. ಊರಿನ ಮೂರು ತಲೆಮಾರಿಗೆ ಬಳೆ ಇಟ್ಟವಳು. ನಮ್ಮ ಮನೆಯ ಮಟ್ಟಿಗೆ ಒಡಹುಟ್ಟಿದವಳ ಹಾಗೆ. ರಾಣಿಸಾಹೇಬರದು ಹಲ್ಲು ಕೀಳುತ್ತಿದ್ದ ಕೈ, ಎಲುಬು ಗಟ್ಟಿ. ಚಾಚಿ ಸೋಪು ಹಚ್ಚಿ, ಹಿಂಡಿ, ಎಲ್ಲಕ್ಕಿಂತ ದೊಡ್ಡ ಅಳತೆಯ ಹಸಿರು ಬಳೆ ಏರಿಸಿದಳು. ಅಷ್ಟಕ್ಕೆ ಬಿಡಲಿಲ್ಲ. ಡಾಕ್ಟರರೆಂದು ಗೊತ್ತಾದದ್ದೇ ತಡ, ಬಾಯಿ ತೆರೆದು ತನ್ನ ದವಡೆ ಹಲ್ಲು ತೋರಿಸಿದಳು. ರಾಣಿಸಾಹೇಬರು ಮೊಬೈಲಿನ ಟಾರ್ಚ್ ಹಚ್ಚಿ ನೋಡಿ, ಇದು ಕೀಳಲೇಬೇಕು, ತಂಬಾಕು ಬಿಡಲೇಬೇಕು ಎಂದರು. ಆವತ್ತು ಅವರು ರಾಣಿಯ ಗತ್ತಿನಲ್ಲಿ ಮಾತಾಡಿದ್ದು ಅದೊಂದೇ ಸಲ.

ಆಮೇಲೆ ಮಣೆ ಹಾಕಿ ಕೂಡಿಸಿದರು. ಸೀರೆ ಇರಲಿಲ್ಲ, ವೈನಿ ತನ್ನ ರೇಷ್ಮೆಯ ಸೀರೆಯೊಂದನ್ನು ಹೆಗಲಿಗೆ ಹೊದಿಸಿ ಸೆರಗನ್ನು ಅವರ ಮಡಿಲಲ್ಲಿ ಹರಡಿದಳು. ಉಡಿ ತುಂಬುವ ಮುಂಚೆ ಒಡಪು ಹೇಳಬೇಕು, ಪದ ಕಟ್ಟಿ ಅದರಲ್ಲಿ ಗಂಡನ ಹೆಸರು ತರಬೇಕು. ವೈನಿ ಮೊದಲು ತನ್ನದು ಹೇಳಿ ತೋರಿಸಿದಳು. ದಾಳಿಂಬೆಯ ಲಾರಿಯನ್ನು ಮುಂಬೈಗೆ ಮುಟ್ಟಿಸಿ, ಅದರ ಕೊನೆಗೆ ಅಣ್ಣನ ಹೆಸರನ್ನು ಗಂಟು ಹಾಕಿದಳು. ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ರಾಣಿಸಾಹೇಬರಿಗೆ ಇದು ಭಾರೀ ಹಿಡಿಸಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಬೆರಳಲ್ಲಿ ತಾಳ ಹಾಕುತ್ತ, ತಮ್ಮ ಭಾಷೆಯಲ್ಲಿ ನಾಲ್ಕು ಸಾಲು ಹೇಳಿದರು. ಕೊನೆಯಲ್ಲಿ ಒಂದು ಗಂಡಸಿನ ಹೆಸರು. ಹೆಂಗಸರು ಹೋ ಎಂದು ಚಪ್ಪಾಳೆ ಹೊಡೆದರು. ಅರ್ಥ ಏನು, ಅರ್ಥ ಏನು ಎಂದು ನನ್ನ ಬೆನ್ನು ಬಿದ್ದರು.

ಅರ್ಥ ಅವರೇ ಇಂಗ್ಲಿಷಿನಲ್ಲಿ ನನಗೆ ನಗುತ್ತ ಹೇಳಿದರು. ಚಳಿಗಾಲದಲ್ಲಿ ನನಗಾಗಿ ಒಲೆ ಹಚ್ಚಿದವನು, ಬೇಸಿಗೆಯಲ್ಲಿ ನನ್ನ ದೋಣಿ ಮಗುಚಿದವನು, ಈಗ ಚರ್ಚಿನ ಹಿಂದಿನ ಗುಡ್ಡದಲ್ಲಿ ಗೊರಕೆಯಿಲ್ಲದೆ ಮಲಗಿದ್ದಾನೆ.

ನಾನು ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ. ಚಪ್ಪಾಳೆ ನಿಂತಿತು. ಅಕ್ಕಿಯ ತಾಟು ಹಿಡಿದಿದ್ದ ವೈನಿ ಒಂದು ಹೆಜ್ಜೆ ಹಿಂದೆ ಸರಿದಳು. ಉಡಿ ತುಂಬಲು ನಿಂತಿದ್ದ ನಾಲ್ವರು ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡಿದರು. ಕೆಟ್ಟವರೇನಲ್ಲ ಅವರು, ಆದರೆ ಯಾರ ಕೈಯೂ ಮುಂದೆ ಬರಲಿಲ್ಲ. ರಾಣಿಸಾಹೇಬರು ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡು, ಇನ್ನೇನು ತುಂಬುತ್ತಾರೆಂದು ಎಳೆಯ ಹುಡುಗಿಯ ಹಾಗೆ ಕಾಯುತ್ತಿದ್ದರು. ನನಗೆ ನಾಚಿಕೆಯಾಯಿತು. ಏನಾದರೂ ಬೈದುಬಿಡೋಣವೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಅವ್ವ ಹೊರಗೆ ಬಂದಳು. ನಾನು ಕರೆಯಲಿಲ್ಲ, ಯಾರೂ ಕರೆಯಲಿಲ್ಲ. ಕೈ ಒರೆಸಿಕೊಳ್ಳುತ್ತ ಪಡಸಾಲೆಯ ನಡುವಿಗೆ ಬಂದು ವೈನಿಯ ಕೈಯಿಂದ ತಾಟು ತೆಗೆದುಕೊಂಡಳು.

“ಮನಿಗೆ ಬಂದ ಹೆಣ್ಮಗಳವಾ. ಬರೇ ಉಡೀಲೆ ಕಳಸಾಕ ನನಗ ಆಗೂದಿಲ್ಲ” ಎಂದಳು.

ಯಾರಿಗೂ ಸಿಟ್ಟು ಮಾಡಿ ಹೇಳಿದ್ದಲ್ಲ, ರೊಟ್ಟಿ ಆರುತ್ತದೆ ಎಂದು ಹೇಳುವ ಹಾಗೆ ಹೇಳಿದಳು. ಮಣೆಯ ಎದುರಿಗೆ ಕೂತು, ರಾಣಿಸಾಹೇಬರ ಹಣೆಗೆ ಅರಿಷಿಣ ಕುಂಕುಮ ಹಚ್ಚಿ, ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಕಾಯಿ, ಉತ್ತತ್ತಿ, ಅರಿಷಿಣದ ಕೊಂಬು, ಹಸಿರು ಕಣ. ಅಷ್ಟು ವರ್ಷ ತಾಟು ಹಿಡಿಯದ ಕೈ ಒಂದನ್ನೂ ಮರೆಯಲಿಲ್ಲ.

ತುಂಬಿಸಿಕೊಂಡವರು ನಾಲ್ಕು ಕಾಳು ತಿರುಗಿ ತಾಟಿಗೆ ಹಾಕಬೇಕು, ಕೊಟ್ಟ ಮನೆ ಬರಿದಾಗಬಾರದು ಎಂದು. ಸ್ವಲ್ಪ ಅಕ್ಕಿ ವಾಪಸು ಕೊಡಿ ಎಂದಷ್ಟೇ ನಾನು ಹೇಳಿದೆ. ಅವರು ತಾಟಿನ ಕಡೆ ನೋಡಲೇ ಇಲ್ಲ. ಮುಂದೆ ಬಾಗಿ, ಅವ್ವನ ಸೆರಗನ್ನು ತಾವೇ ಬಿಡಿಸಿ ಮಡಿಲಲ್ಲಿ ಹರಡಿ, ತಮ್ಮ ಉಡಿಯಿಂದ ಎರಡು ಬೊಗಸೆ ಅಕ್ಕಿ ತೆಗೆದು ಅದರಲ್ಲಿ ಸುರಿದರು. ಮೇಲೆ ಒಂದು ಉತ್ತತ್ತಿಯನ್ನೂ ಇಟ್ಟರು.

ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು. ತಪ್ಪು ಮಾಡಿದೆನಾ ಎಂದು ಅವರು ಗಾಬರಿಯಿಂದ ನನ್ನ ಕಡೆ ನೋಡಿದರು. ಚಾಚಿಯೇ ಅವರ ಬೆನ್ನು ಸವರಿ ಇಲ್ಲ ಇಲ್ಲ ಎಂದು ತಲೆಯಾಡಿಸಿದಳು. ಅವ್ವ ತನ್ನ ಮಡಿಲನ್ನೇ ನೋಡುತ್ತ ಕೂತಿದ್ದಳು. ವೈನಿಗೆ ಏನಾದರೂ ಮಾಡಬೇಕೆನಿಸಿರಬೇಕು, ಡಬ್ಬಿ ಹಿಡಿದು ಹತ್ತಿರ ಬಂದು, ಅಕ್ಕಿಯನ್ನು ಇದರಲ್ಲಿ ಹಾಕಿಬಿಡಿ ಅತ್ತಿಯಾರ, ಎಂದಳು.

ಅವ್ವ ಸೆರಗಿನ ತುದಿಗಳನ್ನು ಕೂಡಿಸಿ ಗಂಟು ಹಾಕಿದಳು.

“ಆ ಡಬ್ಬಿಗೆ ಬ್ಯಾಡವಾ. ಇದು ನನ್ನ ಉಡ್ಯಾಂದು. ಬೆಲ್ಲ ಹಾಕಿ ನಾನ ಮಾಡ್ಕೊಂಡು ಉಣ್ತೀನಿ.”