ಶಾರದವ್ವನ ಮೂರು ಬಿಳಿ ಮರಿಗಳು

ಗಂಗವ್ವ ತತ್ತಿ ಬದಲಾಯಿಸಿರಲಿಲ್ಲ. ಅವಳ ಮೇಲೆ ಕಳ್ಳಿ ಎಂಬ ಹೆಸರು ಬಂದ ಮೂರನೆಯ ದಿನವೇ ಅದು ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ನಾನು ಬಾಯಿ ಬಿಡಲಿಲ್ಲ — ಹದಿನೇಳು ವರ್ಷ ಬಿಡಲಿಲ್ಲ. ಆ ಹೆಸರು ಅವಳಿಗೆ ಬಂದದ್ದೇ ನನ್ನ ಮಾತಿನಿಂದ. ಇದನ್ನು ಎಷ್ಟು ಸಲ ಬರೆಯಲು ಕೂತು ಎದ್ದಿದ್ದೇನೋ ಲೆಕ್ಕವಿಲ್ಲ. ಈಗ ಸಾಕಾಗಿದೆ.

ಆಗ ನಾನು ರಾಣೆಬೆನ್ನೂರಿನ ಹತ್ತಿರದ ಹಲಗೇರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೆ; ಟೀಚರಾದ್ದರಿಂದ ಊರಿಗೆಲ್ಲ 'ಅಕ್ಕೋರು'. ನಾನಿದ್ದ ಬಾಡಿಗೆ ಮನೆಯ ಪಕ್ಕದಲ್ಲಿ ಗಂಗವ್ವ, ಅವಳ ಆಚೆಗೆ ಶಾರದವ್ವ. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯಾಗಿ ಬಂದವರು. ಒಬ್ಬಳ ಮನೆಯ ರೊಟ್ಟಿಗೆ ಇನ್ನೊಬ್ಬಳ ಮನೆಯ ಪಲ್ಯ, ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳ ಒಲೆಯ ಗಂಜಿ. ಗಂಗವ್ವನ ಗಂಡ ತೀರಿಕೊಂಡಾಗ ಅವಳ ಮಗಳನ್ನು ವರ್ಷಗಟ್ಟಲೆ ತನ್ನ ಮಕ್ಕಳ ಜೊತೆ ಕೂರಿಸಿ ಉಣಿಸಿದವಳು ಶಾರದವ್ವ.

ನಾನೋ, ತತ್ತಿ ಹೊಸ್ತಿಲು ದಾಟದ ಮನೆಯಲ್ಲಿ ಹುಟ್ಟಿದವಳು. ಕೋಳಿಯನ್ನು ಕೈಯಲ್ಲಿ ಹಿಡಿದದ್ದೇ ಇಲ್ಲ. ಆದರೂ ಆ ಓಣಿಯಲ್ಲಿ ಕೋಳಿಯ ಬಣ್ಣದ ಪಂಡಿತೆಯಾದೆ, ನೋಡಿ. ಒಮ್ಮೆ ಗಂಗವ್ವನ ಅಂಗಳದಲ್ಲಿ ಕೆಂಪು ಹುಂಜಕ್ಕೂ ಕರಿಬಿಳಿ ಪಟ್ಟೆಯ ಹೇಂಟೆಗೂ ಹುಟ್ಟಿದ ಒಂದು ದಿನದ ಮರಿಗಳಿದ್ದವು, ಎಲ್ಲವೂ ಕರಿ. ನೆತ್ತಿಯ ಮೇಲೆ ಬಿಳಿ ಬೊಟ್ಟಿದ್ದವು ಹುಂಜ, ಬೊಟ್ಟಿಲ್ಲದವು ಹೇಂಟೆ ಎಂದು ಹೇಳಿಬಿಟ್ಟೆ. ಪುಸ್ತಕದಲ್ಲಿ ಓದಿದ್ದೆ, ಅಷ್ಟೇ. ಎರಡು ತಿಂಗಳಿಗೆ ಒಂದೂ ತಪ್ಪದೆ ಹಾಗೇ ಆದವು. ಅಂದಿನಿಂದ ಹೆಂಗಸರು ಕಾವಿಗೆ ಇಡುವ ಮೊದಲು ನನ್ನ ಬಾಗಿಲಿಗೆ ಬರತೊಡಗಿದರು. ಯಾವ ಹುಂಜ, ಯಾವ ಹೇಂಟೆ ಎಂದು ಕೇಳಿ ನಾನು ಗಂಭೀರವಾಗಿ ಬಣ್ಣ ಹೇಳುತ್ತಿದ್ದೆ. ನನಗದು ಬಹಳ ಹಿಡಿಸಿತ್ತು — ಸುಳ್ಳೇಕೆ ಹೇಳಲಿ.

ಗಂಗವ್ವನದು ಬೇರೆ ವಿದ್ಯೆ. ಅವಳ ಕೈಗುಣ ದೊಡ್ಡದೆಂದು ಊರಿಗೆ ಊರೇ ನಂಬಿತ್ತು. ತಮ್ಮ ಮನೆಯಲ್ಲಿ ಕಾವಿಗೆ ಕೂತ ಕೋಳಿ ಇಲ್ಲದವರು ತತ್ತಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳಲ್ಲಿಗೆ ಬರುತ್ತಿದ್ದರು. ಅವಳು ಪ್ರತಿ ತತ್ತಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಬೆಸ ಸಂಖ್ಯೆಯಲ್ಲಿ ತನ್ನ ಕೋಳಿಯ ಕೆಳಗೆ ಇಡುತ್ತಿದ್ದಳು. ಮರಿಗಳು ತಾಯಿಯನ್ನು ಬಿಟ್ಟು ತಿರುಗುವಷ್ಟಾದ ಮೇಲೆ ಅರ್ಧ ಅವಳಿಗೆ, ಅರ್ಧ ತತ್ತಿ ಕೊಟ್ಟವರಿಗೆ. ಬರೆದಿಟ್ಟದ್ದಿಲ್ಲ, ಗುರುತು ಹಾಕಿದ್ದಿಲ್ಲ. ಎಲ್ಲ ಅವಳ ಮೇಲಿನ ನಂಬಿಕೆಯಲ್ಲೇ ನಡೆಯುತ್ತಿತ್ತು.

ಆ ಸಲ ಶಾರದವ್ವ ಹದಿಮೂರು ತತ್ತಿ ಕೊಟ್ಟಳು. ಮಗನ ಕಾಲು ಮುರಿದು ನೆಟ್ಟಗಾಗಿತ್ತು. ದೇವರಿಗೆ ಕೆಂಪು ಹುಂಜ ಹರಕೆ. ಅವಳ ಹೇಂಟೆ ಕೆಂಪು, ಹುಂಜವೂ ಕೆಂಪು. ಕೇಳಿದಾಗ ನಾನು ಅರೆಕ್ಷಣವೂ ಯೋಚಿಸದೆ ಎಲ್ಲವೂ ಕೆಂಪೇ ಎಂದಿದ್ದೆ. ತತ್ತಿ ಒಡೆದು ಹತ್ತು ಮರಿ ಬಂದವು. ಮೂರು ಮೊದಲಿನಿಂದಲೇ ಸ್ವಲ್ಪ ಬೆಳ್ಳಗೆ ಕಾಣುತ್ತಿದ್ದವು, ಯಾರೂ ಲಕ್ಷ್ಯ ಕೊಡಲಿಲ್ಲ. ಗರಿ ಮೂಡಿದಾಗ ನೋಡಿದರೆ ಹಾಲಿನಂತೆ ಬಿಳಿ! ಗಂಗವ್ವನ ಅಂಗಳದಲ್ಲಿ ಅವಳದೇ ಒಂದು ಬಿಳಿ ಹೇಂಟೆ ತಿರುಗುತ್ತಿತ್ತು. ಅದೇ ಹೊತ್ತಿಗೆ ಅವಳು ತನ್ನ ತತ್ತಿಗಳನ್ನು ಇನ್ನೊಂದು ಕೋಳಿಯ ಕೆಳಗೆ ಇಟ್ಟಿದ್ದಳು, ಅಲ್ಲಿ ಕೆಂಪು ಮರಿಗಳಿದ್ದವು. ಶಾರದವ್ವನ ಮೂರು ತತ್ತಿ ತೆಗೆದು ತನ್ನ ಬಿಳಿ ಹೇಂಟೆಯವನ್ನು ಇಟ್ಟಿದ್ದಾಳೆ ಎನ್ನಲು ಜನಕ್ಕೆ ಇನ್ನೇನು ಬೇಕು.

ಬೇವಿನ ಮರದ ಕಟ್ಟೆಯ ಹತ್ತಿರ ಎಂಟು ಹತ್ತು ಹೆಂಗಸರು ಕೂಡಿದರು. ಶಾರದವ್ವ ನನ್ನನ್ನು ಕರೆಸಿದಳು.

"ಅಕ್ಕೋರ, ಖರೇ ಹೇಳ್ರಿ. ಎರಡೂ ಕೆಂಪ ಇದ್ದಾಗ ಬಿಳಿ ಮರಿ ಆಗ್ತಾವೇನ್ರಿ?"

"ಆಗೂದಿಲ್ರಿ. ಬರಾಕ ಸಾಧ್ಯನ ಇಲ್ಲ."

ಇಷ್ಟೇ ನನ್ನ ಮಾತು. ಗಂಗವ್ವ ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರ, ಇನ್ನೊಮ್ಮೆ ವಿಚಾರ ಮಾಡಿ ನೋಡ್ರಿ," ಎಂದಳು. ನಾನು ತಲೆ ಅಲ್ಲಾಡಿಸಿದೆ, ವಿಚಾರ ಮಾಡುವುದು ಏನೂ ಇಲ್ಲ ಎಂಬಂತೆ. ಶಾರದವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕೇಳಿದ್ರ ನಾನ ಕೊಡ್ತಿದ್ದಿಲ್ಲೇನ ಗಂಗಾ?" ಎಂದು ಮೂರೂ ಬಿಳಿ ಮರಿಗಳನ್ನು ಅವಳ ಮುಂದೆ ಬಿಟ್ಟು ಹೋದಳು.

ಮೂರನೆಯ ದಿನ ಹತ್ತನೆಯ ತರಗತಿಯಲ್ಲಿ ಅನುವಂಶೀಯತೆಯ ಪಾಠ. ಪ್ರತಿ ವರ್ಷ ಮಾಡುವ ಅದೇ ಬಟಾಣಿ ಗಿಡ. ಎತ್ತರದ ಎರಡು ಗಿಡಗಳು, ಎರಡರ ಒಳಗೂ ಅಡಗಿ ಕೂತ ಗಿಡ್ಡ ಗುಣ, ನಾಲ್ಕು ಸಸಿಗಳಲ್ಲಿ ಒಂದು ಗಿಡ್ಡ — ಹಲಗೆಯ ಮೇಲೆ ಚೌಕ ಬರೆಯುತ್ತಿದ್ದಂತೆ ಕೈ ನಿಂತಿತು. ಕೆಂಪು ಹೇಂಟೆ, ಕೆಂಪು ಹುಂಜ. ಎರಡರ ಒಳಗೂ ಬಿಳಿ ಅಡಗಿದ್ದರೆ? ಹತ್ತು ಮರಿಗಳಲ್ಲಿ ಎರಡೋ ಮೂರೋ ಬಿಳಿ. ದೊಡ್ಡ ಗ್ರಂಥವೇನೂ ಬೇಕಿರಲಿಲ್ಲ. ಹದಿನೈದು ವರ್ಷದ ಮಕ್ಕಳು ಪರೀಕ್ಷೆಯಲ್ಲಿ ಬರೆಯುವ ಉತ್ತರ. ಅದನ್ನು ನಾನೇ ಕಲಿಸಿದ್ದೆ, ಮತ್ತು ನನಗೇ ಹೊಳೆದಿರಲಿಲ್ಲ.

ಸಂಜೆ ಹೋಗಿ ಹೇಳಬೇಕೆಂದು ಚಪ್ಪಲಿ ಮೆಟ್ಟಿದೆ. ಬಾಗಿಲಲ್ಲಿ ನಿಂತೆ. ನಾನೇ ತಪ್ಪಿದ್ದೆ ಎಂದರೆ — ಅಕ್ಕೋರಿಗೂ ಗೊತ್ತಿಲ್ಲ ಎಂದು ನಗುತ್ತಾರೆ — ಪಾಲಕರು ಏನೆಂದಾರು — ನಾಳೆ ಹೇಳಿದರಾಯಿತು. ನಾಳೆಯೂ ಹಾಗೇ. ವಾರ ಕಳೆದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು, ಏಕೆಂದರೆ ಆಗ ತಪ್ಪಿನ ಜೊತೆ ಮುಚ್ಚಿಟ್ಟದ್ದನ್ನೂ ಹೇಳಬೇಕಿತ್ತು. ಗಂಗವ್ವ ನಳದ ಹತ್ತಿರ ಕಂಡರೆ ನಾನು ಕೊಡ ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದೆ.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಹೋದ ವರ್ಷ ನಮ್ಮದೂ ಎರಡು ಮರಿ ಕಡಿಮೆಯಿದ್ದವು ಎಂದು ಒಬ್ಬರು, ನನಗೆ ಮೊದಲೇ ಸಂಶಯವಿತ್ತು ಎಂದು ಇನ್ನೊಬ್ಬರು. ಅವಳ ಬಾಗಿಲಿಗೆ ತತ್ತಿ ಬರುವುದು ನಿಂತಿತು. ಶಾರದವ್ವನ ಮನೆಯ ಪಲ್ಯವೂ ನಿಂತಿತು. ಎರಡು ವರ್ಷದ ಮೇಲೆ ಮಗಳ ಮದುವೆಯಾಯಿತು, ಗಂಗವ್ವ ಮನೆಗೆ ಬೀಗ ಹಾಕಿ ಮಗಳ ಜೊತೆ ಬ್ಯಾಡಗಿಗೆ ಹೋದಳು. ಆ ಮದುವೆಗೆ ಶಾರದವ್ವ ಹೋಗಲಿಲ್ಲ. ನಾನು ಹೋಗಿದ್ದೆ, ಉಂಡು ಬಂದೆ.

ಆಮೇಲೆ ನನಗೆ ಹಾವೇರಿಗೆ ವರ್ಗವಾಯಿತು, ಅಲ್ಲೇ ನಿವೃತ್ತಿಯೂ ಆಯಿತು. ಅಲ್ಲಿಯವರೆಗೆ ಪ್ರತಿ ವರ್ಷ ಬಟಾಣಿ ಗಿಡದ ಚೌಕ ಬರೆದೆ. ಎಂದೂ ಕೋಳಿಯ ಉದಾಹರಣೆ ಕೊಡಲಿಲ್ಲ. ಕಳೆದ ತಿಂಗಳು ಹಳೆಯ ಶಿಷ್ಯೆಯೊಬ್ಬಳು ಫೋನು ಮಾಡಿದಾಗ ಮಾತಿನ ನಡುವೆ ಶಾರದವ್ವ ತೀರಿಕೊಂಡ ಸುದ್ದಿ ಹೇಳಿದಳು. ಆ ವಾರವೇ ವಿಳಾಸ ಹುಡುಕಿಕೊಂಡು ಬ್ಯಾಡಗಿಗೆ ಹೋದೆ. ಇಷ್ಟು ವರ್ಷ ಒಂದು ತಾಸಿನ ಬಸ್ ದಾರಿ ನನಗೆ ದೂರವಾಗಿತ್ತು.

ಗಂಗವ್ವ ಬಾಗಿಲಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಗುರುತು ಹಿಡಿದಳು, ಚಾಪೆ ಹಾಸಿದಳು, ಚಹಾ ತರಿಸಿದಳು. ನಾನು ಎಲ್ಲ ಹೇಳಿದೆ — ಬಿಳಿ ಹೇಗೆ ಅಡಗಿರುತ್ತದೆ, ಹೇಗೆ ಹೊರಬೀಳುತ್ತದೆ, ಮೂರನೆಯ ದಿನವೇ ನನಗೆ ಹೇಗೆ ತಿಳಿಯಿತು. ಅವಳು ಕೈ ನಿಲ್ಲಿಸದೆ ಕೇಳಿದಳು.

"ನಾ ಬದಲ ಮಾಡಿಲ್ಲ ಅನ್ನೂದು ನನಗ ಅವತ್ತ ಗೊತ್ತಿತ್ತಲ್ರಿ ಅಕ್ಕೋರ. ಅದನ್ನ ಹೇಳಾಕ ಇಲ್ಲಿ ತನಕ ಬಂದೀರೇನು?"

ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡು ಹೇಳಿದಳು.

"ಶಾರದಾ ನನ್ನ ಕಳ್ಳಿ ಅಂತ ತಿಳಕೊಂಡ ಹೋದ್ಲು. ಆಕಿಗೆ ಯಾರ ಹೇಳ್ತಾರ?"

ಆಗ ಅವಳ ಕೈ ನಿಂತಿತ್ತು. ನಾನು ಕ್ಷಮಿಸು ಎನ್ನಲು ಬಾಯಿ ತೆರೆದೆ. "ಚಾ ಆರತೈತಿ, ಕುಡೀರಿ," ಎಂದಳು. ಹೊರಟಾಗ ಬಾಗಿಲ ತನಕವೂ ಬರಲಿಲ್ಲ.

ಬರುವ ವಾರ ಹಲಗೇರಿಯಲ್ಲಿ ಹೆಂಗಸರ ಸಂಘದ ಸಭೆಯಿದೆಯಂತೆ. ಹತ್ತು ನಿಮಿಷ ಕೇಳಿಕೊಂಡಿದ್ದೇನೆ. ಅಂದು ಕಟ್ಟೆಯ ಹತ್ತಿರ ಇದ್ದವರಲ್ಲಿ ನಾಲ್ಕು ಜನ ಈಗಲೂ ಇದ್ದಾರೆ. ಮೇಷ್ಟರಿಕೆಯ ಚಟ ಬಿಡದು — ಚೌಕ ಬರೆದು ವಿವರಿಸಲು ಕಾಗದ ತೆಗೆದಿಟ್ಟಿದ್ದೆ, ನಿನ್ನೆ ಹರಿದು ಹಾಕಿದೆ. ಮೊದಲು ಗಂಗವ್ವ ಕದ್ದಿರಲಿಲ್ಲ ಎನ್ನಬೇಕು. ಅದು ನನಗೆ ಗೊತ್ತಿತ್ತು ಎನ್ನಬೇಕು. ಆಮೇಲೆ ಯಾರಾದರೂ ಕೇಳಿದರೆ ಬಣ್ಣದ ಮಾತು. ಬೈದರೆ ನಿಂತು ಕೇಳುತ್ತೇನೆ. ಶಾರದವ್ವ ಮಾತ್ರ ಅಲ್ಲಿರುವುದಿಲ್ಲ.